ಹಿಂದುಗಡೆಯ ನಂಬರು

ನಮ್ಮ ಅತ್ತಿಗೆಯಂಥ ಜಿಪುಣಿಯನ್ನು ನಾನು ಬೇರೆಲ್ಲೂ ಕಂಡಿಲ್ಲ ಎಂದುಕೊಂಡಿದ್ದೆ. ನಾನು ಅವಳ ಗಂಡನ ತಂಗಿ, ಅದೇ ಮನೆಯ ಮೂಲೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡವಳು. ಅಂಗಡಿಗೆ ಹೋದರೆ ಅತ್ತಿಗೆ ಪೊಟ್ಟಣದ ಮುಂಭಾಗ ನೋಡುತ್ತಲೇ ಇರಲಿಲ್ಲ. ಬೋರಲು ತಿರುಗಿಸಿ, ಕನ್ನಡಕ ಹಣೆಗೇರಿಸಿ, ಇರುವೆಗಾತ್ರದಲ್ಲಿ ಒತ್ತಿದ ಕಾರ್ಖಾನೆಯ ನಂಬರು ಓದುತ್ತಿದ್ದಳು. ಎರಡು ಪೊಟ್ಟಣದ ನಂಬರು ಒಂದೇ ಆಗಿದ್ದರೆ ಮುಗಿಯಿತು, ಅಂಗಡಿಯವರ ಸ್ವಂತ ಹೆಸರಿನ ಬಡಕಲು ಬಿಳಿ ಪೊಟ್ಟಣವೇ ನಮ್ಮ ಚೀಲಕ್ಕೆ.

"ಒಳಗಿರೋದು ಒಂದೇ ಕಣೇ. ಹೆಸರಿಗ್ಯಾಕೆ ದುಡ್ಡು ಸುರೀಬೇಕು?"

ಅವಳಿಗೆ ಗೊತ್ತಿಲ್ಲದೆ ಇನ್ಯಾರಿಗೆ? ಹತ್ತೊಂಬತ್ತು ವರ್ಷ ಚಹಾಪುಡಿ ತುಂಬುವ ಯಂತ್ರದ ಮುಂದೆ ನಿಂತವಳು. ಬೆಳಗ್ಗೆ ಯಂತ್ರಕ್ಕೆ ಪೊಟ್ಟಣದ ಹಾಳೆಯ ಚಿನ್ನದ ಬಣ್ಣದ ಸುರುಳಿ, ಟೀವಿಯಲ್ಲಿ ಕುಣಿಯುವ ದೊಡ್ಡ ಹೆಸರಿನದು. ಊಟದ ಗಂಟೆ ಆದಮೇಲೆ ಅದನ್ನು ಇಳಿಸಿ ಅಂಗಡಿಯ ಬಿಳಿ ಸುರುಳಿ ಏರಿಸುವುದು. ಮೇಲಿನಿಂದ ಸುರಿಯುವ ಪುಡಿ ಅದೇ. ನಡುವೆ ಒಂದು ಪೊರಕೆ ಕೂಡ ಆಡುತ್ತಿರಲಿಲ್ಲ. ಹನ್ನೆರಡು ನಿಮಿಷದಲ್ಲಿ ಸುರುಳಿ ಬದಲಿಸುವುದು ಅವಳೊಬ್ಬಳ ಕೈಲಿ ಮಾತ್ರ ಆಗುತ್ತಿತ್ತು. ಅಲ್ಲಿ ಅವಳ ಅಡ್ಡಹೆಸರೇ 'ಒಂದೇ ಅಕ್ಕ'.

"ಅಣ್ಣನ್ನೂ ಹಿಂದೆ ತಿರುಗಿಸಿ ನಂಬರ್ ನೋಡೇ ಮದ್ವೆ ಆದ್ಯಾ ಅತ್ತಿಗೆ?" ಎಂದು ನಾನು ರೇಗಿಸಿದರೆ, ಅಣ್ಣ ಮಲಗಿದ್ದಲ್ಲಿಂದಲೇ, "ಡಿಸ್ಕೌಂಟಲ್ಲಿ ಸಿಕ್ಕಿದ್ದೆ ಕಣೇ," ಎನ್ನುತ್ತಿದ್ದ. ಅವನ ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಖಾಯಂ ಕೆಲಸದವರಿಗೆ ಕಾರ್ಖಾನೆ ಕೊಡುವ ಹಸಿರು ಕಾರ್ಡು ತೋರಿಸಿದರೆ ಅದಕ್ಕೆ ಬಿಲ್ಲಿಲ್ಲ. ಆ ಕಾರ್ಡೇ ಅವನ ಉಸಿರು. ಸೋಪು ಸಕ್ಕರೆಯಲ್ಲಿ ಉಳಿಸಿದ್ದನ್ನೆಲ್ಲ ಅತ್ತಿಗೆ ಅವನ ಮಾತ್ರೆಗೂ ಆಟೋಗೂ ಸುರಿಯುತ್ತಿದ್ದಳು. ಜಿಪುಣಿ ಎಂದ ನನ್ನ ನಾಲಿಗೆಗೆ ಹುಳ ಬೀಳಲಿ!

ಎರಡು ತಿಂಗಳ ಹಿಂದೆ ಮ್ಯಾನೇಜರು ಕರೆಸಿದ. ಖಾಯಂ ಇರುವವರನ್ನೆಲ್ಲ ಬಿಡಿಸಿ, ಬೇಕಾದವರನ್ನು ಏಜೆನ್ಸಿ ಮೂಲಕ ಮತ್ತೆ ಸೇರಿಸಿಕೊಳ್ಳುತ್ತಾರಂತೆ. ಅದೇ ಯಂತ್ರ, ಅದೇ ಪಾಳಿ, ಅರ್ಧ ಸಂಬಳ.

"ಸಾರ್, ನನ್ನಷ್ಟು ಕೆಲಸ ಗೊತ್ತಿರೋರು ಯಾರಿದಾರೆ?" ಎಂದು ಅತ್ತಿಗೆ ಗೋಗರೆದಳು.

ಅವನು ನಕ್ಕನಂತೆ. "ಅದಕ್ಕೇ ಅಲ್ವೇನಮ್ಮ ನಿಮ್ಮನ್ನೇ ವಾಪಸ್ ಕರೀತಿರೋದು? ಒಳಗಿರೋದು ಒಂದೇ ಅಂತ ನೀವೇ ಹೇಳ್ತಿರ್ತೀರಲ್ಲ. ಹೆಸರಿಗ್ಯಾಕೆ ನಾವು ದುಡ್ಡು ಸುರೀಬೇಕು?"

ಅವನ ಬಾಯಿಗೆ ಮಣ್ಣು ಹಾಕ. ಅತ್ತಿಗೆ ರುಜು ಹಾಕಿ ಬಂದಳು. ಹಾಕದೆ ಏನು ಮಾಡುತ್ತಾಳೆ? ನೀಲಿ ಏಪ್ರನ್ ಕಿತ್ತುಕೊಂಡು ಹಳದಿಯದು ಕೊಟ್ಟರು. ಹೊಸ ಕಾರ್ಡೂ ಬಂತು. ಅದೂ ಹಸಿರೇ. ಮೇಲೆ ಕಾರ್ಖಾನೆಯ ಹೆಸರು, ಕೆಳಗೆ ಅವಳದೇ ಫೋಟೋ. "ಸದ್ಯ, ಕಾರ್ಡ್ ಹೋಗಿಲ್ಲ ಕಣೇ," ಎಂದು ಅದನ್ನು ಕಣ್ಣಿಗೊತ್ತಿಕೊಂಡಳು. ಲೋಕದ ಪೊಟ್ಟಣವನ್ನೆಲ್ಲ ತಿರುಗಿಸಿ ನೋಡಿದವಳು ತನ್ನ ಕಾರ್ಡನ್ನು ಮಾತ್ರ ತಿರುಗಿಸಿ ನೋಡಲಿಲ್ಲ.

ಆಸ್ಪತ್ರೆಯ ಕೌಂಟರಿನ ಹುಡುಗಿ ನೋಡಿದಳು. ಅಣ್ಣನ ಗಾಲಿಕುರ್ಚಿ ಹಿಡಿದು ನಾನು ಪಕ್ಕದಲ್ಲೇ ಇದ್ದೆ.

"ಹಿಂದೆ ಇರೋದು ಏಜೆನ್ಸಿ ನಂಬರು. ಇದು ನಡೆಯಲ್ಲ."

"ಅದೇ ಫ್ಯಾಕ್ಟರಿ ಕಣಮ್ಮಾ, ಅದೇ ಮೆಷಿನ್ನು. ಫೋಟೋ ನೋಡು, ನಾನೇ. ಒಳಗಿರೋದು..." ಎನ್ನುತ್ತ ಅತ್ತಿಗೆ ಕಾರ್ಡನ್ನು ವಾಪಸ್ ತೆಗೆದುಕೊಂಡು ಹಿಂದೆ ತಿರುಗಿಸಿದಳು.

"ನಡೀರೇ, ಮನೆಗೆ ಹೋಗೋಣ," ಎಂದ ಅಣ್ಣ.

ಈಗ ಕೈಯಿಂದ ಕೊಟ್ಟು ವಾರಕ್ಕೆ ಒಂದೇ ಸಲ ಮಾಡಿಸುತ್ತೇವೆ. ಅದು ಸಾಲದು ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಾರೆ. ಅಣ್ಣನ ಪಾದ ಬಾತು ಚಪ್ಪಲಿಗೆ ಹಿಡಿಸುತ್ತಿಲ್ಲ. ಅತ್ತಿಗೆ ಇವತ್ತಿಗೂ ಹನ್ನೆರಡು ನಿಮಿಷದಲ್ಲಿ ಸುರುಳಿ ಬದಲಿಸುತ್ತಾಳೆ.

ನಿನ್ನೆ ಅಂಗಡಿಯಲ್ಲಿ ಬಿಳಿ ಪೊಟ್ಟಣವನ್ನು ತಿರುಗಿಸದೆ ಚೀಲಕ್ಕೆ ಹಾಕಿಕೊಂಡಳು.

"ನಂಬರ್ ನೋಡಲ್ವಾ ಅತ್ತಿಗೆ?" ಎಂದೆ.

"ನೋಡಿ ಏನಾಗ್ಬೇಕು, ನಡಿ," ಎಂದಳು.