ಅವ್ವನ ಎಣ್ಣೆ ವಿಮಾನದ ದಾರಿ ಹಿಡಿದದ್ದು

ನಮ್ಮ ಅವ್ವ ಅನ್ನೂರಿನ ಮನೆಯ ಹಿತ್ತಿಲಲ್ಲಿ ಮುರುಕು, ಅಂದರೆ ಚಕ್ಕುಲಿ, ಕರಿಯಲು ಶುರುಮಾಡಿದಾಗ ನಾನಿನ್ನೂ ಲಂಗ ಹಾಕುತ್ತಿದ್ದೆ. ಓಮವನ್ನೂ ಜಜ್ಜಿದ ಬೆಳ್ಳುಳ್ಳಿಯನ್ನೂ ಹಿಟ್ಟಿಗೆ ಬೆರೆಸುವುದು ಅವಳ ಕೈಯ ಗುರುತು. ಕರಿದದ್ದು ಟೌನ್ ಬಸ್ ಹತ್ತಿ ಕೊಯಮತ್ತೂರಿನ ನಾಲ್ಕಾರು ಬೇಕರಿಗಳಿಗೆ ಹೋಗುತ್ತದೆ. ಅಪ್ಪ ಅಲ್ಲಿನ ಗಣಪತಿ ಎಂಬ ಬಡಾವಣೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಓಡಿಸಿ ನಿವೃತ್ತನಾದವನು. ನಾನು ತಮಿಳು ಶಾಲೆಯೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಮನೆಯೊಳಗೆ ನಮ್ಮದು ಕನ್ನಡ, ಅದೂ ಅರ್ಧ ತಮಿಳು ಬೆರೆತದ್ದು. ಕನ್ನಡದ ಅಕ್ಷರ ಅವ್ವನಿಗೂ ಅಪ್ಪನಿಗೂ ಬಾರದು, ಅವರ ಓದುಬರಹ ತಮಿಳಿನಲ್ಲೇ. ನಾನು ಕಲಿತದ್ದೇ ಮದುವೆಯಾದ ಮೇಲೆ. ಹಾಗಾಗಿ ಇದನ್ನು ಬರೆದು ಮುಗಿಸಿ ಅವರಿಗೆ ಓದಿ ಹೇಳಬೇಕು.

ರಾಕೆಟ್ ಹಾರುವುದನ್ನು ಟಿವಿಯಲ್ಲಿ ತೋರಿಸಿದಾಗಲೆಲ್ಲ ಇಬ್ಬರಿಗೂ ಒಂದು ಸಣ್ಣ ಜಗಳ ಆಗಲೇಬೇಕು. ಅಪ್ಪ ಕುರ್ಚಿಯ ತುದಿಗೆ ಬಂದು ಕೂರುತ್ತಾನೆ. ಅವ್ವ ಹಿಟ್ಟು ನಾದುತ್ತಲೇ ಕೇಳುತ್ತಾಳೆ, "ಅಷ್ಟು ಮೇಲಕ್ಕೆ ಕಳಿಸಿ ನಮಗೆ ಏನು ಬಂತು?"

"ನಿನ್ನೆ ವಡಗದ ಸಂಡಿಗೆ ಒಣಗಿಸೋಕೆ ಮಾಳಿಗೆ ಮೇಲೆ ಯಾಕೆ ಹಾಕಲಿಲ್ಲ?" ಎಂದು ಅಪ್ಪ.

"ಮಳೆ ಬರುತ್ತೆ ಅಂತ ಫೋನು ಹೇಳಿತು."

"ಫೋನಿಗೆ ಯಾರು ಹೇಳಿದರು? ಮೇಲೆ ಕಳಿಸಿದ್ದೇ ಅಲ್ಲವಾ?"

ಅವ್ವ ಹಿಟ್ಟನ್ನು ಇನ್ನಷ್ಟು ಜೋರಾಗಿ ನಾದುತ್ತಾಳೆ, ಅಷ್ಟೆ.

ಕರಿದು ಉಳಿದ ಎಣ್ಣೆಯನ್ನು ಅವ್ವ ಕ್ಯಾನುಗಳಲ್ಲಿ ತುಂಬಿಡುತ್ತಿದ್ದಳು. ಮೋಪೆಡ್ಡಿನಲ್ಲಿ ಬರುವ ಒಬ್ಬ ಮನುಷ್ಯ ಅದನ್ನು ಒಯ್ಯುತ್ತಿದ್ದ. ಸೋಪು ಮಾಡುವವರಿಗೆ ಕೊಡುತ್ತೇನೆ ಎಂದಿದ್ದ. ಅವನ ಮಾತನ್ನು ಅನುಮಾನಿಸಲು ನಮಗೆ ಕಾರಣವಿರಲಿಲ್ಲ.

ನನ್ನ ನಾದಿನಿಯ ಮಗಳ ಮದುವೆಗೆ ಸೀರೆ ತರಲು ನಾನೂ ಅವ್ವನೂ ನೆಗಮಕ್ಕೆ ಹೊರಟಿದ್ದೆವು. ಕೊಯಮತ್ತೂರಿನ ಉಕ್ಕಡದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ತಡವಾಯಿತು. ನನಗೆ ಹಸಿವು. ಎದುರಿನ ತಳ್ಳುಗಾಡಿಯಿಂದ ಎರಡು ಬಾಳೆಕಾಯಿ ಬಜ್ಜಿ ತಂದೆ. ಅವ್ವ ಒಂದು ತುಂಡು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದಳು. ಉಳಿದದ್ದನ್ನು ಮೂಗಿನ ಹತ್ತಿರ ಹಿಡಿದಳು.

"ಕಣ್ಣಮ್ಮಾ, ಇದನ್ನು ಮೂಸಿ ನೋಡು."

ಓಮ. ಅದರ ಹಿಂದೆ ಸುಟ್ಟ ಬೆಳ್ಳುಳ್ಳಿ. ಬಜ್ಜಿಗೆ ಬೆಳ್ಳುಳ್ಳಿ ಯಾರು ಹಾಕುತ್ತಾರೆ?

ಅವ್ವ ಗಾಡಿಯ ಹತ್ತಿರ ಹೋಗಿ ತಮಿಳಿನಲ್ಲಿ, ತುಂಬ ಮೆಲ್ಲಗೆ, ಎಣ್ಣೆ ಎಲ್ಲಿಂದ ತರಿಸುತ್ತೀಯಪ್ಪಾ ಎಂದು ಕೇಳಿದಳು. ಆತ ಏನೂ ಮುಚ್ಚಿಡಲಿಲ್ಲ. ಅನ್ನೂರು ಕಡೆಯಿಂದ ಒಬ್ಬರು ಮೋಪೆಡ್ಡಿನಲ್ಲಿ ತಂದು ಕೊಡುತ್ತಾರೆ, ಮಿಲ್ಲಿನ ಎಣ್ಣೆಯಂತೆ ಅಮ್ಮಾ, ಸ್ವಲ್ಪ ಕಪ್ಪು ಅಷ್ಟೆ, ಎಂದ. ಅವನಿಗೂ ನಿಜ ಗೊತ್ತಿರಲಿಲ್ಲ.

ನೆಗಮದಲ್ಲಿ ನಮ್ಮ ಮಾತಿನವರೇ ಆದ ನೇಕಾರರ ಮನೆಯಲ್ಲಿ ಸೀರೆಗಳನ್ನು ಬಿಚ್ಚಿ ಬಿಚ್ಚಿ ತೋರಿಸಿದರು. ಅವ್ವ ಎಲ್ಲದಕ್ಕೂ "ಚೆನ್ನಾಗಿದೆ" ಎಂದಳು. ಹಾಗೆ ಹೇಳುವವಳಲ್ಲ ಅವಳು. ಬಸ್ಸಿನಲ್ಲಿ ಹಿಂದಿರುಗುವಾಗ ಒಂದೇ ಮಾತು: "ಎಷ್ಟು ಜನಕ್ಕೆ ತಿನ್ನಿಸಿಬಿಟ್ಟೆ."

"ತಿನ್ನಿಸಿದ್ದು ನೀನಲ್ಲವಲ್ಲ."

"ಎಣ್ಣೆ ನನ್ನದು ತಾನೆ?"

ಮುಂದಿನ ವಾರ ಮೋಪೆಡ್ಡಿನವನು ಬಂದಾಗ ಅವ್ವ ಬೈಯಲಿಲ್ಲ. ಇನ್ನು ಮೇಲೆ ಇಲ್ಲ ಎಂದು ಬಾಗಿಲು ಹಾಕಿದಳು. ಚೆಲ್ಲೋಣವೆಂದರೆ ಚರಂಡಿ ಕಟ್ಟುತ್ತದೆ, ತೋಟಕ್ಕೆ ಹಾಕಿದರೆ ಮಣ್ಣು ಕೆಡುತ್ತದೆ. ಹಿತ್ತಿಲಿನಲ್ಲಿ ಕ್ಯಾನುಗಳು ಸಾಲುಗಟ್ಟಿದವು.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಪರ್ಯಾಯ ಇಂಧನಗಳ ಬಗ್ಗೆ ಓದುತ್ತಿದ್ದಾಗ ನನಗೆ ದಾರಿ ಹೊಳೆಯಿತು. ಕರಿದ ಎಣ್ಣೆಯನ್ನು ಶುದ್ಧಮಾಡಿ, ಜಲಜನಕದ ಜೊತೆ ಬೇಯಿಸಿದಂತೆ ಮಾಡಿ, ವಿಮಾನದ ಇಂಧನ ತೆಗೆಯಬಹುದು. ನೆಲದೊಳಗಿನ ತೈಲ ಅಷ್ಟರಮಟ್ಟಿಗೆ ಉಳಿಯುತ್ತದೆ, ಹೊಗೆಯ ಹೊರೆಯೂ ಕಡಿಮೆ. ಹಾಗೆ ಎಣ್ಣೆ ಸಂಗ್ರಹಿಸುವವರು ಕೊಯಮತ್ತೂರಿಗೂ ಬರುತ್ತಾರೆಂದು ತಿಳಿದು ಫೋನ್ ಮಾಡಿದೆ. ಅವ್ವನಿಗೆ ಹೇಳಿದಾಗ ನನ್ನ ಮುಖವನ್ನೇ ನೋಡಿದಳು.

"ಮೊದಲು ಸೋಪು ಅಂದರು. ಈಗ ವಿಮಾನವಾ?"

ವ್ಯಾನಿನಲ್ಲಿ ಬಂದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ, ರಸಾಯನಶಾಸ್ತ್ರ ಓದಿದವಳು. ಒಂದೊಂದೇ ಕ್ಯಾನು ತೆರೆದು, ಉದ್ದನೆಯ ಕೊಳವೆ ಇಳಿಸಿ, ತಳದ ಎಣ್ಣೆಯನ್ನು ಗಾಜಿನ ಬಾಟಲಿಗೆ ತೆಗೆದು ಬೆಳಕಿಗೆ ಹಿಡಿದಳು. ಕೊನೆಯ ಎರಡು ಕ್ಯಾನುಗಳನ್ನು ಪಕ್ಕಕ್ಕೆ ಸರಿಸಿದಳು.

"ಅಮ್ಮಾ, ಇವು ಬೇಡ. ನೀರು ಸೇರಿದೆ."

ಅವ್ವನ ಮುಖ ಕೆಂಪಾಯಿತು. ಆ ಕ್ಯಾನುಗಳನ್ನು ಅವಳು ಹಿಂದಿನ ದಿನ ತೊಳೆದು ಎಣ್ಣೆ ತುಂಬಿಸಿದ್ದಳು. ಹೊರಗಿನವರು ಬರುತ್ತಾರೆ, ಕೊಳಕಾಗಿ ಕಾಣಬಾರದು ಎಂದು. ತಳದಲ್ಲಿ ನೀರು ಉಳಿದಿತ್ತು.

ಆ ಹುಡುಗಿ ಹೋದಮೇಲೆ ಅವ್ವ ಅಡುಗೆಮನೆಯಿಂದ ಈಚೆ ಬರಲಿಲ್ಲ. "ಎಸೆಯೋ ಎಣ್ಣೆಯಲ್ಲೂ ತಪ್ಪು ಹುಡುಕುತ್ತಾಳಲ್ಲ," ಎಂದು ಒಳಗಿನಿಂದಲೇ ಹೇಳಿದಳು. "ಇನ್ನು ಮೇಲೆ ಬರಬೇಡ ಅನ್ನು ಅವಳಿಗೆ."

ಅಪ್ಪ ಹೊಸ್ತಿಲ ಮೇಲೆ ಕೂತ. ಆಗ ಅವನು ಹೇಳಿದ ಸಂಗತಿ ನಾನೂ ಮೊದಲ ಸಲ ಕೇಳಿದ್ದು. ವರ್ಕ್‌ಶಾಪಿನಲ್ಲಿ ಒಮ್ಮೆ ಬೆರಳುಂಗುರಕ್ಕಿಂತ ಸ್ವಲ್ಪ ದೊಡ್ಡ ಉಕ್ಕಿನ ಬಳೆಗಳನ್ನು ಲೇತಿನಲ್ಲಿ ಕಡೆಯುವ ಕೆಲಸ ಬಂದಿತ್ತಂತೆ. ರಾಕೆಟ್ಟಿಗೆ ಎಂದಷ್ಟೇ ಮಾಲೀಕರು ಹೇಳಿದ್ದು. ಅಪ್ಪ ಇಡೀ ವಾರ ಕಡೆದ. ಕಳಿಸಿದ ಪೆಟ್ಟಿಗೆ ಹಾಗೇ ವಾಪಸು ಬಂತು.

"ಅಳತೆಯಲ್ಲಿ ಕೂದಲೆಳೆಗಿಂತ ಕಡಿಮೆ ವ್ಯತ್ಯಾಸ. ನನಗೆ ಮೂರು ದಿನ ಅನ್ನ ಸೇರಲಿಲ್ಲ," ಎಂದ. "ಆಮೇಲೆ ಯೋಚನೆ ಮಾಡಿದೆ. ಸುಮ್ಮನೆ ಮೂಲೆಗೆ ಹಾಕುವವರಾಗಿದ್ದರೆ ಅಳೆದು ನೋಡುತ್ತಿದ್ದರಾ? ವಾಪಸು ಕಳಿಸಿದರಲ್ಲ, ಅಂದರೆ ನಿಜವಾಗಿ ಹಾಕುತ್ತಾರೆ. ಮತ್ತೆ ಕಡೆದೆ."

"ಆಮೇಲೆ?"

"ತೆಗೆದುಕೊಂಡರು."

"ಯಾವುದರಲ್ಲಿ ಹಾಕಿದರು ಅಂತ ಕೇಳಲಿಲ್ಲವಾ?"

"ಯಾರನ್ನ ಕೇಳಲಿ? ಯಾವುದೋ ಒಂದರಲ್ಲಿ ಇರುತ್ತೆ."

"ಆ ಮೋಪೆಡ್ಡಿನವನು ಒಂದು ಸಲವೂ ಮುಚ್ಚಳ ತೆಗೆದು ನೋಡಲಿಲ್ಲ," ಎಂದಳು ಅವ್ವ ಒಳಗಿನಿಂದ.

ಮುಂದಿನ ಸಲ ಆ ಹುಡುಗಿ ಬಂದಾಗ ಅವ್ವ ಅವಳನ್ನು ಕೂರಿಸಿ ಕಾಫಿ ಕೊಟ್ಟು ನೇರವಾಗಿ ಕೇಳಿದಳು, ಇದು ವಿಮಾನಕ್ಕೇ ಹೋಗುತ್ತದೆಯೇ ಎಂದು. ಹುಡುಗಿ ಸುಳ್ಳು ಹೇಳಲಿಲ್ಲ. ಎಲ್ಲವೂ ಹೋಗುವುದಿಲ್ಲ, ಕೆಲವು ಲಾರಿಗಳ ಡೀಸೆಲ್ಲಿಗೂ ಸೇರುತ್ತದೆ. ವಿಮಾನಕ್ಕೂ ಈಗ ಬೆರೆಸುವುದು ಸ್ವಲ್ಪವೇ, ಇನ್ನೂ ಆರಂಭ. ನಿಮ್ಮ ಎಣ್ಣೆ ಯಾವ ವಿಮಾನದಲ್ಲಿ ಎಂದು ನನಗೂ ಗೊತ್ತಾಗುವುದಿಲ್ಲ. ಆದರೆ ಮತ್ತೆ ಬಾಣಲೆಗಂತೂ ಹೋಗುವುದಿಲ್ಲ, ಅದಕ್ಕೆ ನಾನು ಜವಾಬ್ದಾರಿ, ಎಂದಳು. ಅವ್ವನಿಗೆ ಬೇಕಾಗಿದ್ದದ್ದು ಆ ಕೊನೆಯ ಮಾತು. ಅವಳು ಕೊಟ್ಟ ಒಪ್ಪಂದದ ಕಾಗದ ಇಂಗ್ಲಿಷಿನಲ್ಲಿತ್ತು. ತಮಿಳಿನಲ್ಲಿ ತಂದರೆ ಓದಿ ಸಹಿ ಹಾಕುತ್ತೇನೆ ಎಂದು ಅವ್ವ ವಾಪಸು ಮಾಡಿದಳು. ಹುಡುಗಿ ನಕ್ಕು ತಂದುಕೊಟ್ಟಳು.

ಅದಾದ ಮೇಲೆ ಅವ್ವ ಒಂದು ದಿನ ಉಕ್ಕಡಕ್ಕೆ ಒಬ್ಬಳೇ ಹೋಗಿ ತಳ್ಳುಗಾಡಿಯವನಿಗೆ ವಿಷಯ ತಿಳಿಸಿ ಬಂದಳು. ಆತ ಬಾಣಲೆಯ ಎಣ್ಣೆಯನ್ನು ಡಬ್ಬಿಗೆ ಸುರಿದನಂತೆ. ಮರುದಿನ ಏನು ಮಾಡಿದನೋ ನಮಗೆ ತಿಳಿಯದು. ನಮ್ಮ ಬೀದಿಯಲ್ಲಿ ಚಿಪ್ಸ್ ಕರಿಯುವ ಮೂವರು ಹೆಂಗಸರಲ್ಲಿ ಇಬ್ಬರನ್ನು ಆ ಹುಡುಗಿಗೇ ಎಣ್ಣೆ ಕೊಡಲು ಅವ್ವ ಒಪ್ಪಿಸಿದ್ದಾಳೆ. ಮೂರನೆಯವಳು ಇನ್ನೂ ಮೋಪೆಡ್ಡಿನವನಿಗೇ ಕೊಡುತ್ತಾಳೆ. ಅವಳ ಜೊತೆ ಅವ್ವ ಮಾತು ಬಿಟ್ಟಿಲ್ಲ, ದಿನವೂ ಹೋಗಿ ಅದನ್ನೇ ಮಾತಾಡುತ್ತಾಳೆ.

ಎಣ್ಣೆ ಸೋಸುವ ಕೆಲಸ ಈಗ ಅಪ್ಪನದು. ಕ್ಯಾನುಗಳನ್ನು ಬಿಸಿಲಿಗೆ ಬೋರಲು ಹಾಕಿ, ಒಣಗಿತೇ ಎಂದು ಬೆರಳು ತೂರಿಸಿ ನೋಡಿ, ಹಳೆಯ ಪಂಚೆಯ ಬಟ್ಟೆಯಲ್ಲಿ ಎರಡು ಸಲ ಸೋಸುತ್ತಾನೆ. ಅವ್ವನ ಪ್ರಕಾರ ಒಂದು ಸಲ ಸಾಕು. ಅಪ್ಪನ ಪ್ರಕಾರ ಅವ್ವನಿಗೆ ಯಂತ್ರಗಳ ವಿಷಯ ತಿಳಿಯದು. ಹೋದ ಭಾನುವಾರ ನಾನು ಹೋದಾಗ ಇಬ್ಬರೂ ಬಟ್ಟೆಯ ಎರಡು ತುದಿ ಹಿಡಿದುಕೊಂಡು ಇದನ್ನೇ ವಾದಿಸುತ್ತಿದ್ದರು. ಎಣ್ಣೆ ಸಣ್ಣಗೆ ಇಳಿಯುತ್ತಿತ್ತು. "ಬಂದೆಯಾ, ಆ ಮೂಲೆ ಹಿಡಿದುಕೋ," ಎಂದಳು ಅವ್ವ. ನಾನು ಚೀಲ ಕೆಳಗಿಟ್ಟು ಹಿಡಿದುಕೊಂಡೆ.