ಬೇರೆ ಕಟ್ಟಿಸುವ ಕಾಂಪೌಂಡರು
ನಮ್ಮ ಪಶು ಆಸ್ಪತ್ರೆಯ ಕಾಂಪೌಂಡರು ಯಾರ ಕೊಟ್ಟಿಗೆಗೆ ಕಾಲಿಟ್ಟರೂ ಮನೆಯವರ ಮುಖಕ್ಕಿಂತ ಮೊದಲು ಮೇಕೆಮರಿಗಳ ಮೂತಿ ನೋಡುತ್ತಾರೆ. ತುಟಿಯ ಮೇಲೆ ಹುಣ್ಣಿನ ಹಕ್ಕಳೆ ಕಂಡರೆ ಸಾಕು, "ಇದು ಅಂಟುರೋಗ, ಬೇರೆ ಕಟ್ಟಿ! ನೀರಿನ ಪಾತ್ರೆನೂ ಬೇರೆ ಇಡಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ. ಜನ "ಆಯ್ತು ಸಾರ್" ಎನ್ನುತ್ತಾರೆ. ಅವರು ಬೀದಿಯ ತಿರುವು ದಾಟುವಷ್ಟರಲ್ಲಿ ಮರಿ ಮತ್ತೆ ಹಿಂಡಿನೊಳಗೆ. ಕೈಗವಸು ಕೇಳಿ ಅವರು ಬರೆದ ಅರ್ಜಿಗಳಿಗೆಲ್ಲ ಮೇಲಿನ ಕಚೇರಿಯಿಂದ ಬಂದದ್ದು "ಕೈಗವಸು ಧರಿಸಿರಿ" ಎಂಬ ಭಿತ್ತಿಪತ್ರವೊಂದೇ. ಬರಿಗೈಯಲ್ಲೇ ಹುಣ್ಣು ತೊಳೆದೂ ತೊಳೆದೂ ಈಗ ಅವರ ಹೆಬ್ಬೆರಳಲ್ಲೂ ಅದೇ ಹುಣ್ಣು ಎದ್ದಿದೆ. ಮೊನ್ನೆ ನೋಡಲು ಹೋದಾಗ ಅವರ ಚಾಪೆ, ತಟ್ಟೆ, ಲೋಟ ಜಗಲಿಯ ಮೂಲೆಗೆ ಬಂದಿದ್ದವು. "ಸೊಸೆ ತಂದಿಟ್ಟಿದ್ದು," ಎಂದರು. "ಇಷ್ಟು ವರ್ಷ ಬಾಯಿ ಬಡ್ಕೊಂಡಿದ್ದಕ್ಕೆ ನನ್ನ ಮಾತು ಕೇಳಿದೋಳು ಇವಳೊಬ್ಬಳೇ ನೋಡಿ."