ಸರಕಾರವೋ, ಹೆಂಡತಿಯ ತಮ್ಮನೋ

ಕುಳಿತಲ್ಲೇ ಕುಳಿತು ಯೋಚಿಸಬಲ್ಲವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಗೋಕಾಕದ ಮಾಮಲೇದಾರ ಕಚೇರಿಯಲ್ಲಿ ನನ್ನ ಜೊತೆಗಿರುವ ಕಾರಕೂನರು ನನ್ನ ಬುದ್ಧಿ ಅಂಗಾಲಿನಲ್ಲಿದೆಯೆಂದು ಹಾಸ್ಯ ಮಾಡುವುದುಂಟು. ಅದು ಸುಳ್ಳಲ್ಲ, ಸಣ್ಣದೊಂದು ಸಂದೇಹ ತಲೆಯೆತ್ತಿದರೆ ಸಾಕು, ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಶತಪಥ ಹಾಕತೊಡಗುತ್ತೇನೆ, ನಿರ್ಣಯವೊಂದು ಕೈಗೆ ಸಿಗುವಷ್ಟರಲ್ಲಿ ಅದು ಬುದ್ಧಿಯ ಫಲವೋ ಬರಿಯ ಆಯಾಸದ ಫಲವೋ ಎಂಬ ಎರಡನೆಯ ಸಂದೇಹ ಹುಟ್ಟಿಕೊಂಡು ಮತ್ತೆ ನಡೆಸುತ್ತದೆ. ಈ ವರ್ಷ ನನ್ನನ್ನು ಹೀಗೆ ಗಾಣದೆತ್ತಾಗಿಸಿದ್ದು, ಓದುಗ ಮಿತ್ರರೇ, ವಿಮೆ.

ವಿಮೆಯೆಂಬ ಪದಾರ್ಥ ನಮ್ಮ ಕಡೆಗೆ ಇನ್ನೂ ಹೊಸತು. ಹೊರಟವನು ‘ಹೋಗತೇನಿ’ ಎನ್ನದೆ ‘ಬರತೇನಿ’ ಎನ್ನುವ, ಬಳೆ ಒಡೆದರೆ ‘ಹೆಚ್ಚಿತು’ ಎನ್ನುವ ಜನ ನಾವು. ಅಶುಭವನ್ನು ಹೆಸರು ಹಿಡಿದು ಕರೆದರೆ ಅದು ಓಗೊಟ್ಟು ಒಳಗೇ ಬಂದುಬಿಡುತ್ತದೆ ಎಂಬ ಅಂಜಿಕೆ ನಮಗೆ. ಇಂಥವರ ಮನೆ ಬಾಗಿಲಿಗೆ ಹೋಗಿ ‘ನೀವು ಸತ್ತರೆ’ ಎಂದು ಮಾತು ತೆಗೆಯಬೇಕಾದ ಉದ್ಯೋಗವನ್ನು ಆಯ್ದುಕೊಂಡವನು ನನ್ನ ಹೆಂಡತಿ ನೀಲವ್ವನ ತಮ್ಮ, ಹುಕ್ಕೇರಿಯ ಶಿವಲಿಂಗಪ್ಪ. ಅಪ್ಪನ ಕಾಳಿನ ಅಂಗಡಿಯನ್ನು ಅಣ್ಣಂದಿರಿಗೆ ಬಿಟ್ಟು, ಮುಂಬಯಿಯ ಯಾವುದೋ ಕಂಪನಿಯ ಏಜೆಂಟನಾಗಿ, ಸೈಕಲ್ ಏರಿ ಕುಲಗೋಡ, ತುಕ್ಕಾನಟ್ಟಿ ಎಂದು ಬಿಸಿಲೆನ್ನದೆ ತಿರುಗುತ್ತಾನೆ. ಸಾವೆಂಬ ಪದವನ್ನು ಮಾತ್ರ ನಾಲಿಗೆಗೆ ತಾಗಗೊಡುವುದಿಲ್ಲ. ‘ನಾಳೆ ಏನರೆ ಹೆಚ್ಚುಕಡಿಮಿ ಆದ್ರ’ ಎನ್ನುತ್ತಾನೆ. ಹೀಗಾಗಿ ಅವನ ಕೈಯಲ್ಲಿ ವಿಮೆ ಇಳಿಸಿದ ಕುಲಗೋಡದ ಯಜಮಾನರೊಬ್ಬರು ಕಬ್ಬಿನ ಗಾಡಿಯ ಎತ್ತು ಕುಂಟಾದ ದಿನ ಅವನಿಗೇ ಹೇಳಿಕಳಿಸಿದರು. ಪುಣ್ಯಾತ್ಮ ಹೋಗಿ, ಎತ್ತಿನ ಕಾಲಿಗೆ ಔಷಧ ಹಚ್ಚಿಸಿ, ಯಜಮಾನರ ತಮ್ಮನಿಗೂ ವಿಮೆ ಮಾಡಿಸಿ ಬಂದ.

ಮಳೆಗಾಲದ ಮೊದಲಲ್ಲಿ ನನ್ನ ಪಕ್ಕದ ಮೇಜಿನ ಕಾರಕೂನ ಜ್ವರದಲ್ಲಿ ತೀರಿಕೊಂಡ. ಅವನು ವಿಮೆ ಇಳಿಸಿದ್ದ ಸಣ್ಣ ಕಂಪನಿ ಅದಾಗಲೇ ಬೋರ್ಡು ಇಳಿಸಿತ್ತು; ಏಜೆಂಟ ಊರು ಬಿಟ್ಟಿದ್ದ. ತೀರಿಕೊಂಡವನ ಹೆಂಡತಿ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಕಚೇರಿಯ ಜಗಲಿಗೆ ಬಂದು ಸುಮ್ಮನೆ ನಿಂತಿರುತ್ತಿದ್ದಳು, ಯಾರನ್ನು ಏನು ಕೇಳಬೇಕೆಂದು ಆಕೆಗೂ ತಿಳಿಯದು, ನಮಗೂ ತಿಳಿಯದು. ಆ ಹೆಂಗಸಿನ ಜಾಗದಲ್ಲಿ ನೀಲವ್ವನನ್ನು ಕಂಡು ನನಗೆ ನಿದ್ದೆ ಹಾರಿತು.

ನಮ್ಮಂಥ ನೌಕರರಿಗೆ ಟಪಾಲ ಕಚೇರಿಯ ಮೂಲಕ ಸರಕಾರದ್ದೇ ವಿಮೆಯುಂಟು. ಅದಕ್ಕೆ ಸೇರಿಬಿಡುತ್ತೇನೆಂದು ಊಟದ ಹೊತ್ತಿನಲ್ಲಿ ಬಾಯ್ತಪ್ಪಿ ಹೇಳಿದೆ. ಎದುರಿಗೆ ಉಣ್ಣುತ್ತಿದ್ದ ಶಿವಲಿಂಗಪ್ಪನ ಕೈ ತಾಟಿನಲ್ಲೇ ನಿಂತಿತು.

“ಮಾಮಾ, ರಾಜ್ಯ ಆಳೂದು ಸರಕಾರದ ಕೆಲಸ. ವ್ಯಾಪಾರಕ್ಕೂ ತಾನ ಕುಂತ್ರ ನಾವೆಲ್ಲಿ ಹೋಗೂಣು? ಕಾಯ್ದೆ ಮಾಡಾಂವಾ ಅಂವನ, ಪಂಚ ಆಗಿ ನಿಂದ್ರಾಂವಾ ಅಂವನ, ಕಡೀಕ ಲಂಗೋಟಿ ಕಟ್ಟಿ ಕಣಕ್ಕೂ ಅಂವನ ಇಳದ್ರ ಕುಸ್ತಿ ಗೆಲ್ಲಾಂವಾ ಯಾರು? ನಿಮ್ಮ ಸರಕಾರ ಯಾವತ್ತರೆ ಸೈಕಲ್ ಹೊಡಕೊಂಡು ತುಕ್ಕಾನಟ್ಟಿಗೆ ಬಂದೈತೇನು?”

ಮಾತಿನಲ್ಲಿ ಹುರುಳಿತ್ತು. ಸರಕಾರ ಯಾರ ಮನೆಗೂ ತಾನಾಗಿ ಬರುವುದು ಕಂದಾಯಕ್ಕೆ ಮಾತ್ರ. ಮನೆಮನೆಗೆ ನಡೆದು, ಉಪಚಾರದ ಚಹಾ ಕುಡಿದು, ಎತ್ತಿನ ಕಾಲು ನೋಡಿ, ನಾಳೆಯ ಚಿಂತೆಯನ್ನು ಜನರಿಗೆ ಕಲಿಸಿದವರು ಈ ಸೈಕಲ್ಲಿನವರೇ. ಬಿತ್ತಿದವನು ಒಬ್ಬ, ರಾಶಿಯ ದಿನ ಚೀಲ ಹಿಡಿದು ಬಂದವನು ಇನ್ನೊಬ್ಬ ಎಂದರೆ ನ್ಯಾಯವೆ? ಈ ಗೋಡೆಯ ತನಕ ಹೀಗೆ ಯೋಚಿಸಿದವನಿಗೆ ಆ ಗೋಡೆ ಮುಟ್ಟುವಷ್ಟರಲ್ಲಿ ಜಗಲಿಯ ಮೇಲಿನ ಹೆಂಗಸು ಕಣ್ಣ ಮುಂದೆ ಬರುತ್ತಿದ್ದಳು. ಸರಕಾರ ಒರಟಿರಬಹುದು, ಮಂದವಿರಬಹುದು, ಆದರೆ ಬೋರ್ಡು ಇಳಿಸಿ ರಾತ್ರೋರಾತ್ರಿ ಗಾಡಿ ಹತ್ತುವುದಿಲ್ಲ. ಹಾಗಾದರೆ ಸರಕಾರ ಸ್ಪರ್ಧೆಗೆ ಇಳಿಯಬೇಕೆ, ದೂರ ನಿಂತು ನೋಡಬೇಕೆ? ಕಚೇರಿಗೆ ಹೋಗುವಾಗ ನಾನು ಸರಕಾರದ ಪಕ್ಷ, ಮರಳುವಾಗ ಕಂಪನಿಯ ಪಕ್ಷ. ಸಂಜೆ ಹೊಳೆಯ ದಂಡೆಗೆ ಹೋದರೆ ಎರಡರ ಮೇಲೂ ಸಿಟ್ಟು. ಭಾರ ಹೊರಬೇಕಾದ ಕಡೆ ತರ್ಕ ಹೊತ್ತುಕೊಂಡು ತಿರುಗುವುದು ವಿದ್ಯಾವಂತರ ಹಳೆಯ ಚಾಳಿ, ಮತ್ತು ನಾನು ನಾಲ್ಕಕ್ಷರ ಕಲಿತವನು.

ದಸರೆಯ ಹೊತ್ತಿಗೆ ನೀಲವ್ವನಿಗೆ ಸಾಕಾಗಿ ಹೋಯಿತು. ಅಲ್ಲಿಯವರೆಗೆ ಅವಳನ್ನು ನಾನಾಗಲಿ ಶಿವಲಿಂಗಪ್ಪನಾಗಲಿ ಒಂದು ಮಾತೂ ಕೇಳಿರಲಿಲ್ಲ. ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ, “ಅಲ್ರೀ, ಆ ರೊಕ್ಕ ಯಾರ ಕೈಗೆ ಬರತೈತಿ?” ಎಂದಳು.

“ನಿನ್ನ ಕೈಗೆ.”

“ಶಿವಲಿಂಗನ ಕಡೆ ಇಳಿಸಿದ್ರ, ನನಗ ತಂದು ಕೊಡಾಂವಾ ಯಾರು?”

“ಅವನೇ. ಮನೆಯವನಲ್ಲವೆ? ಅದೇ ಅನುಕೂಲ.”

“ಅದ ತೊಡಕು,” ಎಂದಳು. “ಪಂಚಮಿಗೆ ಅವ ಸೀರಿ ತಂದ್ರ ಬಣ್ಣ ಹೆಂಗೈತಿ ಅಂತ ಬಿಚ್ಚಿ ನೋಡಿದಾಕಿ ಅಲ್ಲ ನಾನು. ತವರಮನಿ ಕೊಟ್ಟಷ್ಟು ಇಸ್ಕೋಬೇಕು, ಕೊಡದಿದ್ರ ಇವರು ತಣ್ಣಗಿರಲಿ ಅಂತ ಹರಸಿ ಬರಬೇಕು. ನಾಳೆ ಅವನ ಕಂಪನಿ ತಡಾ ಮಾಡಿತು ಅಂದ್ರ, ನನ್ನ ರೊಕ್ಕ ಎಲ್ಲೈತಿ ಅಂತ ತಮ್ಮನ ಮುಂದ ನಿಂತು ಕೇಳಾಕ ನನಗ ಬಾಯಿ ಬರೂದಿಲ್ಲ. ಸರಕಾರ ನನ್ನ ತವರಮನಿ ಅಲ್ಲ. ಅದರ ಕೂಡ ಜಗಳಾ ಮಾಡಬಹುದು.”

ಅಂಗಾಲಿನ ಅಷ್ಟೂ ಬುದ್ಧಿ ನೆಲಕ್ಕೆ ಇಳಿದು ಹೋಯಿತು. ವಿಮೆಯನ್ನು ಕೊಡುವವರ ಕಡೆಯಿಂದ ನೋಡಿದ್ದೆ, ಮಾರುವವರ ಕಡೆಯಿಂದ ನೋಡಿದ್ದೆ. ಕೇಳಿ ಪಡೆಯಬೇಕಾದವಳ ಕಡೆಯಿಂದ ನೋಡಿಯೇ ಇರಲಿಲ್ಲ. ಹಾಗಾದರೆ ಶಿವಲಿಂಗಪ್ಪನನ್ನು ಬಿಟ್ಟುಬಿಡೋಣವೆ ಎಂದೆ.

“ಯಾಕ ಬಿಡಬೇಕು? ಅವನ ಕಡೆ ಸಣ್ಣದೊಂದು ಇರಲಿ, ಅವನ ಹೊಟ್ಟಿ ನಡೀಬೇಕು. ಸರಕಾರದ್ದು ದೊಡ್ಡದು ಇರಲಿ, ನನ್ನ ಹೊಟ್ಟಿ ನಡೀಬೇಕು. ಇಬ್ಬರೂ ಇರಬೇಕ್ರಿ. ಒಂದ ಅಂಗಡಿ ಇದ್ದ ಊರಾಗ ಅಂಗಡಿಯಾಂವಾ ತಲಿ ಎತ್ತಿ ನೋಡೂದಿಲ್ಲ.”

ಇಷ್ಟಕ್ಕೇ ಬಿಡಲಿಲ್ಲ. ಸಂತೆಯ ದಿನ ತನ್ನನ್ನು ಟಪಾಲ ಕಚೇರಿಗೆ ಕರೆದೊಯ್ಯಬೇಕೆಂದಳು. ತಲೆಯ ತುಂಬ ಸೆರಗು ಹೊದ್ದು, ದಾರಿಯುದ್ದಕ್ಕೂ ಎಲ್ಲಿ ತಿರುಗಬೇಕು, ಯಾವ ಅಂಗಡಿ ಗುರುತು ಎಂದು ನೋಡಿಕೊಳ್ಳುತ್ತ ಬಂದಳು. ಮೆಟ್ಟಿಲು ಹತ್ತಲು ಹೋದ ನನ್ನನ್ನು ಕೈಯಡ್ಡ ಹಿಡಿದು ತಡೆದಳು.

“ನೀವು ಇಲ್ಲೇ ನಿಂದ್ರಿ. ಅವತ್ತು ನೀವು ಇರೂದಿಲ್ಲಲ್ಲ.”

ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ತಾರದ ಮಾತನ್ನು ಸಂತೆಯ ಗದ್ದಲದ ನಡುವೆ ಹೀಗೆ ಆಡಿ, ಒಬ್ಬಳೇ ಒಳಗೆ ಹೋದಳು. ಕಿಟಕಿಯ ಆಚೆಯಿಂದ ಕಾರಕೂನ, “ಏನ್ ಬೇಕಾಗಿತ್ತವ್ವಾ?” ಎಂದು ಕೇಳಿದ್ದು ಹೊರಗೆ ಕೇಳಿಸಿತು, ಆಮೇಲೆ ಅವಳ ದನಿ:

“ಇವತ್ತ ಏನೂ ಬ್ಯಾಡ್ರಿ ಯಪ್ಪಾ. ಇಲ್ಲಿ ಕೇಳಿದ್ರ ಮಾತಾಡಸ್ತಾರೋ ಇಲ್ಲೋ ನೋಡಿ ಹೋಗಾಕ ಬಂದಿದ್ದೆ.”